ಕೊಟ್ಟ ಮೇಲೆ ಕೈ ಬರಿದಾಗಲಿ



ಗೆಳೆಯನಿಗೆ ಪುಸ್ತಕವನ್ನು ಎರವಲು ಕೊಟ್ಟಾಗ ನಮ್ಮ ಕಪಾಟಿನಲ್ಲಿ ಒಂದು ತೆರವು ಉಳಿಯುತ್ತದೆ. ಆ ತೆರವೇ ಕೊಟ್ಟುದಕ್ಕೆ ಸಾಕ್ಷಿ. ವಿಡಿಯೊ ಆಟಗಳನ್ನು ಅಂತರಜಾಲದಲ್ಲಿಯೇ ಕೊಳ್ಳುವ ಇಂದಿನ ಮಕ್ಕಳಿಗೆ ಈ ಅನುಭವವುಂಟೇ?

‘ಸ್ಟೀಮ್’ ಎಂಬ ಆಟಗಳ ಮಳಿಗೆಯು 2013ರಲ್ಲಿ ಹಂಚಿಕೆಗೆ ಅವಕಾಶವಿತ್ತಾಗ, ಒಡೆಯನು ಆಡಲು ಕುಳಿತರೆ ಎರವಲು ಪಡೆದವನು ಏಳಬೇಕಿತ್ತು. 2024ರ ವ್ಯವಸ್ಥೆಯಲ್ಲಿ ಒಂದೇ ಮನೆಯ ಆರು ಮಂದಿ ಬೇರೆ ಬೇರೆ ಆಟಗಳನ್ನು ಏಕಕಾಲಕ್ಕೆ ಆಡಬಹುದು. ಮನೆಯೊಳಗಿನ ಜಗಳವೇನೋ ತಗ್ಗಿತು. ಆದರೆ ನಿಯಮದ ಪ್ರಕಾರ ಹೊರಗಿನ ಗೆಳೆಯನಿಗೆ ಬಾಗಿಲು ಮುಚ್ಚಿತು. ಎರವಲು ಪಡೆದವನು ಮೋಸದಾಟವಾಡಿ ನಿಷೇಧಕ್ಕೊಳಗಾದರೆ ಆ ಆಟದಲ್ಲಿ ಒಡೆಯನಿಗೂ ನಿಷೇಧವುಂಟು. ಇದು ಕಠಿಣವಾದರೂ ಯುಕ್ತವೇ ಸರಿ. ಕೊಡುವವನು ಯಾರಿಗೆ ಕೊಡುತ್ತಿರುವೆನೆಂಬುದನ್ನು ಅರಿತಿರಬೇಕು.

ನಿಂಟೆಂಡೊ ಸಂಸ್ಥೆಯು 2025ರಲ್ಲಿ ತಂದ ಕ್ರಮವು ನನಗೆ ಇನ್ನೂ ಹಿತವೆನಿಸಿತು. ಅಲ್ಲಿ ಕುಟುಂಬದ ಗುಂಪಿನೊಳಗೆ ಒಂದು ಆಟವನ್ನು 14 ದಿನಗಳ ಮಟ್ಟಿಗೆ ಎರವಲು ಕೊಡಬಹುದು. ಅಷ್ಟು ದಿನ ಕೊಟ್ಟವನು ಅದನ್ನು ಆಡಲಾರನು. ಕಪಾಟಿನ ತೆರವು ಮತ್ತೆ ಕಾಣಿಸಿಕೊಂಡಿತು! ಈ ಕ್ರಮವನ್ನು ಗೆಳೆಯರಿಗೂ ವಿಸ್ತರಿಸಬೇಕೆಂಬುದೇ ನನ್ನ ವಾದ. ಮಾರುವವರಿಗೆ ಇದರಿಂದ ನಷ್ಟವೆಂಬ ಆಕ್ಷೇಪವು ಬರಬಹುದು. ಆದರೆ ಪ್ರತಿಯೂ ಒಂದೇ, ಒಂದು ವೇಳೆಗೆ ಆಡುವವನೂ ಒಬ್ಬನೇ. ಪುಸ್ತಕದ ವಿಷಯದಲ್ಲಿ ನಾವು ಇದನ್ನು ಎಂದೋ ಒಪ್ಪಿದ್ದೇವೆ.

ತನಗೇನೂ ಕಡಿಮೆಯಾಗದಂತೆ ಹಂಚುವುದು ಸುಲಭ. ಹದಿನಾಲ್ಕು ದಿನ ತಾನು ಕಾದು ಗೆಳೆಯನನ್ನು ಆಡಗೊಡುವ ಮಗುವು ಆಟಕ್ಕಿಂತ ದೊಡ್ಡದೊಂದನ್ನು ಕಲಿತಿರುತ್ತದೆ.