ಅಪುವಿನ ಅಂಗಡಿಗೆ ಬಿದ್ದ ಮತಗಳು

ಬೀದರದಿಂದ ಭಾಲ್ಕಿಗೆ ಹೋಗುವ ರೈಲುದಾರಿಯಲ್ಲಿ ಹಲಬರ್ಗಾ ಸಿಕ್ಕುವುದು ವಾಚಕರಿಗೆ ತಿಳಿದದ್ದೇ. ಅಲ್ಲಿಯ ಕಿರಾಣಿ ಅಂಗಡಿಯೊಂದರ ಕಟ್ಟೆಯ ಮೇಲೆ ಈಚೆಗೆ ನಾವೊಂದು ಚುನಾವಣೆಯನ್ನು ಕಂಡೆವು. ಮತದಾರರೆಲ್ಲರೂ ಹನ್ನೆರಡು ವರ್ಷದ ಒಳಗಿನವರು. ಮತಪತ್ರವೆಂದರೆ ಅಂಗಡಿಯವನು ಕೊಟ್ಟ ಒಂದು ಹಿಡಿ ಪುಟಾಣಿ. 'ಛೋಟಾ ಭೀಮ್' ಎಂಬ ಕಾರ್ಟೂನು ಕಥೆಯ ಸಣ್ಣಪುಟ್ಟ ಪಾತ್ರಗಳ ಪೈಕಿ ಯಾರು ಮೇಲು ಎಂಬುದೇ ಪ್ರಶ್ನೆ. ಭೀಮನಿಗೆ ಮಾತ್ರ ಮತ ಹಾಕಕೂಡದೆಂಬ ಕಟ್ಟಳೆ. ನಾಯಕನೇ ಕಣಕ್ಕಿಳಿದರೆ ಉಳಿದವರ ಠೇವಣಿ ಉಳಿಯುವುದೆ? ಢೋಲು, ಭೋಲು ಎಂಬ ಅವಳಿಗಳು, ಜಗ್ಗು ಎಂಬ ಕೋತಿ, ಲಡ್ಡು ಮಾರುವ ಟುನ್‌ಟುನ್ ಮೌಸಿ, ಇವರೇ ಅಭ್ಯರ್ಥಿಗಳು.

ಈ ಕಥೆ 2008ರಲ್ಲಿ ಟೆಲಿವಿಷನ್ನಿಗೆ ಬಂದಿತು. ತಯಾರಿಸಿದ್ದು ನಮ್ಮ ನೆರೆಯ ಹೈದರಾಬಾದಿನ ಕಂಪನಿ. ಭೀಮನ ಬಲವೆಲ್ಲ ಲಡ್ಡುವಿನಲ್ಲಿ; ಲಡ್ಡುವೋ ಮೌಸಿಯದು. ಹುಡುಗರು ಅವಳಿಗೇ ಹೆಚ್ಚು ಪುಟಾಣಿ ಹಾಕಿದರು. ಏಕೆಂದು ಕೇಳಿದೆವು. ಲಡ್ಡು ಹೋದಾಗ ಅವಳು ಸಿಟ್ಟಾಗುವುದನ್ನು ನೋಡಿದರೆ ನಗೆ ಬರುತ್ತದಂತೆ. ತಕ್ಕಡಿಯ ಹಿಂದೆ ಕುಳಿತಿದ್ದ ಅಂಗಡಿಯವನು ನಗಲಿಲ್ಲ. "ಲಡ್ಡು ಹೋದ್ರ ಎಲ್ಲಾರೂ ನಗ್ತಾರ್ರೀ, ಅದರ ರೊಕ್ಕ ಯಾರ್ ಕೊಡ್ತಾರ?" ಎಂದನು.

ಸಣ್ಣ ವ್ಯಾಪಾರಿಯ ಈ ಪ್ರಶ್ನೆ ಹಲಬರ್ಗಾದ್ದು ಮಾತ್ರವಲ್ಲ. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ 'ದಿ ಸಿಂಪ್ಸನ್ಸ್' ಎಂಬ ಹಾಸ್ಯ ಚಿತ್ರಮಾಲೆಯಿದೆ. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರಿನ ಹೋಮರ್ ಸಿಂಪ್ಸನ್ನನ ಸಂಸಾರ ಅದರ ಕೇಂದ್ರ. ಸುತ್ತಲೂ ಸಣ್ಣ ಪಾತ್ರಗಳ ಜಾತ್ರೆ. ನಿಮ್ಮ ಮೆಚ್ಚಿನ ಸಣ್ಣ ಪಾತ್ರ ಯಾವುದೆಂದು ಅಲ್ಲಿಯ ಅಭಿಮಾನಿಗಳೂ ಮತ ಹಾಕಿ ಪಟ್ಟಿ ಮಾಡುತ್ತಾರೆ. (ಆ ಬೊಂಬೆಗಳನ್ನು ಗೆರೆಗೆರೆಯಾಗಿ ಬರೆದು ಚಲಿಸುವಂತೆ ಮಾಡುವವರು ಬಹುಮಟ್ಟಿಗೆ ದಕ್ಷಿಣ ಕೊರಿಯದ ಸಿಯೋಲಿನ ಕೆಲಸಗಾರರು. ಅವರನ್ನು ಯಾವ ಪಟ್ಟಿಯೂ ಕೇಳುವುದಿಲ್ಲ. ಅದು ಇನ್ನೊಂದು ಲೇಖನದ ಮಾತು.)

ಆ ಪಾತ್ರಗಳಲ್ಲಿ ಬಹುಕಾಲ ಹೆಸರಾಗಿದ್ದವನು ಅಪು. 1990ರಲ್ಲಿ ಬಂದ ಈತ ಭಾರತೀಯ, ಹಗಲೂ ರಾತ್ರಿಯೂ ತೆರೆದಿರುವ ಅಂಗಡಿಯವನು. ಉಚ್ಚರಿಸಲಾಗದಷ್ಟು ಉದ್ದದ ಅಡ್ಡಹೆಸರು, ಎಳೆದಾಡುವ ಇಂಗ್ಲಿಷು, ಹಳಸಿದ ಸರಕು, ದುಬಾರಿ ಬೆಲೆ, ಗಿರಾಕಿಗೆಲ್ಲ ಒಂದೇ ವಂದನೆಯ ಮಾತು. ಹೆಸರನ್ನು ಸತ್ಯಜಿತ್ ರಾಯರ ಚಿತ್ರಗಳ ಬಡ ಹುಡುಗನಿಂದ ತೆಗೆದುಕೊಂಡರು. ಆ ಹುಡುಗನ ಘನತೆಯನ್ನು ಅಲ್ಲಿಯೇ ಬಿಟ್ಟುಬಂದರು. ಬಾಯಿ ಕೊಟ್ಟವನು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅಪುವಿಗೆ ಕಂಪ್ಯೂಟರ್ ವಿದ್ಯೆಯಲ್ಲಿ ಡಾಕ್ಟರೇಟ್ ಕೊಟ್ಟವರೂ ಆ ಲೇಖಕರೇ. 1996ರ ಒಂದು ಕಥೆಯಂತೂ ನಮ್ಮ ಪಕ್ಷದ ಸಭೆಗಳಲ್ಲಿ ತೋರಿಸಲು ತಕ್ಕದ್ದು. ಕರಡಿಯೊಂದು ಊರೊಳಗೆ ಬರುತ್ತದೆ. ಜನರು ರಕ್ಷಣೆ ಕೇಳುತ್ತಾರೆ. ರಕ್ಷಣೆಗೆ ತೆರಿಗೆ ಬೀಳುತ್ತದೆ. ತೆರಿಗೆಗೆ ಕೂಗೆದ್ದಾಗ ಮೇಯರು, ಇದಕ್ಕೆಲ್ಲ ಕಾರಣ ಕಾಗದಪತ್ರವಿಲ್ಲದೆ ಹೊರಗಿಂದ ಬಂದವರು ಎಂದುಬಿಡುತ್ತಾನೆ. ಅವರನ್ನು ಗಡೀಪಾರು ಮಾಡಬೇಕೆ ಎಂದು ಊರೆಲ್ಲ ಮತ ಹಾಕಬೇಕು. 1994ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಇಂಥವರಿಗೆ ಶಾಲೆ, ಆಸ್ಪತ್ರೆಗಳನ್ನು ನಿಲ್ಲಿಸಲು ನಿಜವಾಗಿ ಮತ ಹಾಕಿದ್ದುದರ ಅಣಕವಿದು. ಅಪು ಓದಿ, ಪರೀಕ್ಷೆ ಕೊಟ್ಟು ಪೌರನಾಗುತ್ತಾನೆ. ಅವನ ಸಂತೋಷಕೂಟದಲ್ಲಿ ಹೋಮರನು ಹೊರಗಿನವರ ಪರವಾಗಿ ಭಾಷಣ ಮಾಡುತ್ತಾನೆ, ಎಲ್ಲರೂ ಮನಸೋಲುತ್ತಾರೆ. ಮರುದಿನ ಅದೇ ಜನ ಗಡೀಪಾರಿನ ಕಾನೂನನ್ನು ಭಾರೀ ಬಹುಮತದಿಂದ ಗೆಲ್ಲಿಸುತ್ತಾರೆ! ಕೊನೆಗೆ ಹಡಗು ಹತ್ತಬೇಕಾದವನು ಯಾರು? ಶಾಲೆಯ ಅಂಗಳ ಗುಡಿಸುವ ಸ್ಕಾಟ್ಲೆಂಡಿನ ಕೂಲಿ, ವಿಲ್ಲಿ. ಅವನೂ ಅಭಿಮಾನಿಗಳ ಮೆಚ್ಚಿನ ಸಣ್ಣ ಪಾತ್ರಗಳಲ್ಲೊಬ್ಬನು.

ಇಷ್ಟು ಕಣ್ಣಿದ್ದವರಿಗೂ ತಮ್ಮ ನಗೆ ಯಾರ ಮೇಲೆ ಬೀಳುತ್ತಿದೆಯೆಂಬುದು ಕಾಣಲಿಲ್ಲ. ತೆಲುಗು ಮನೆತನದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರ ತೆಗೆದು ಅದನ್ನು ಹೇಳಿದನು: ಅಮೆರಿಕದ ಶಾಲೆಗಳಲ್ಲಿ ಭಾರತೀಯ ಮಕ್ಕಳನ್ನು ಅಪುವಿನ ಮಾತಿನಿಂದಲೇ ಚುಚ್ಚುತ್ತಿದ್ದರು. 2018ರಲ್ಲಿ ಚಿತ್ರಮಾಲೆ ಕೊಟ್ಟ ಉತ್ತರದ ಸಾರ, ಒಂದು ಕಾಲಕ್ಕೆ ಎಲ್ಲರೂ ಮೆಚ್ಚಿದ್ದು ಈಗ ತಪ್ಪೆನಿಸಿದರೆ ಏನು ಮಾಡಲಾದೀತು ಎಂಬುದು. ಎಲ್ಲರೂ ಎಂದರೆ ಯಾರು? ಮತ ಹಾಕಿದವರು. ಚುಚ್ಚಿಸಿಕೊಂಡ ಹುಡುಗನನ್ನು ಆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾರು ಮೆಚ್ಚಿನವರೆಂಬುದನ್ನು ಬಹುಮತ ಹೇಳಬಹುದು. ಯಾರಿಗೆ ನೋವಾಯಿತೆಂಬುದು ಮತ ಎಣಿಸಿ ತಿಳಿಯುವ ಸಂಗತಿಯಲ್ಲ.

2020ರಲ್ಲಿ ಅಜಾರಿಯಾ ಆ ಧ್ವನಿಯನ್ನು ಬಿಟ್ಟನು. ಮುಂದೆ ಕ್ಷಮೆಯನ್ನೂ ಕೇಳಿದನು. ಅದು ದೊಡ್ಡತನವೆಂದು ನಾವು ಒಪ್ಪುತ್ತೇವೆ. ಆದರೆ ಆಮೇಲೆ ಏನಾಯಿತು? ಅಪುವನ್ನು ಅಳಿಸಿರೆಂದು ಕೊಂಡಬೋಲು ಕೇಳಿರಲಿಲ್ಲ. ಭಾರತೀಯ ನಟನೊಬ್ಬನಿಗೆ ಆ ಬಾಯಿಯನ್ನು ಕೊಡಬಹುದಿತ್ತು, ಲೇಖಕರ ಮೇಜಿನ ಬಳಿ ಒಂದು ಕುರ್ಚಿ ಹಾಕಬಹುದಿತ್ತು. ಅದರ ಬದಲು ಅಪುವನ್ನು ಮೂಕನನ್ನಾಗಿಸಿ ಗುಂಪಿನ ಹಿಂದೆ ನಿಲ್ಲಿಸಿದರು. ದೂರು ಬಂದ ಕೂಡಲೇ ಬಾಗಿಲು ಹಾಕಿಸುವ ಈ ನ್ಯಾಯವನ್ನು ಸಣ್ಣ ವ್ಯಾಪಾರಿಗಳು ಬಲ್ಲರು.

ದೂರದ ಮಾತೇಕೆ? ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಕನ್ನಡನಾಡಿಗೆ ಸೇರಿದ್ದು 1956ರಲ್ಲಿ. ಇಷ್ಟು ವರ್ಷಗಳಾದರೂ ಕನ್ನಡ ಚಲನಚಿತ್ರಗಳಲ್ಲಿ ನಮ್ಮ ಕಡೆಯ ಮಾತು ಬಂದಿತೆಂದರೆ ಬಹಳ ಸಲ ಅದು ಮನೆಯಾಳಿನ, ಬೆಪ್ಪನ, ಜಗಳಗಂಟಿಯ ಬಾಯಲ್ಲಿ; ಅದೂ ನಮ್ಮವರಲ್ಲದವರ ಬಾಯಲ್ಲಿ, ವಾಕ್ಯಕ್ಕೆ ಮೂರು 'ರೀ' ಅಂಟಿಸಿ. ಥಿಯೇಟರಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರಲ್ಲಿ ನಾವೂ ಇದ್ದೆವು. ನಗಬಾರದೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಹಲಬರ್ಗಾದ ಆ ಹುಡುಗರು ನಮ್ಮನ್ನೇ ಅಭ್ಯರ್ಥಿ ಮಾಡಿ ನಿಲ್ಲಿಸಿಯಾರು. ಮಾತನಾಡುವ ಬಾಯಿ ನಮ್ಮದಿರಲಿ, ಬರೆಯುವ ಕೈಗಳಲ್ಲಿ ಒಂದಾದರೂ ನಮ್ಮದಿರಲಿ ಎಂಬಷ್ಟೇ ನಮ್ಮ ಬೇಡಿಕೆ.

ಅಂದು ಟುನ್‌ಟುನ್ ಮೌಸಿಯೇ ಗೆದ್ದಳು. ಎಣಿಕೆ ಮುಗಿಯುತ್ತಲೇ ಮತದಾರರು ಮತಗಳನ್ನೆಲ್ಲ ತಿಂದು ಓಡಿದರು. ಪುಟಾಣಿಯನ್ನು ಯಾರ ಲೆಕ್ಕಕ್ಕೆ ಬರೆಯುವಿರಿ ಎಂದು ಅಂಗಡಿಯವನನ್ನು ಕೇಳಿದೆವು. ಅವನು ಡಬ್ಬದ ಮುಚ್ಚಳ ಹಾಕಿ, ನಮಗೆ ಏನು ಬೇಕೆಂದು ಕೇಳಿದನು.