ತಾಯಿಯ ರಕ್ತದ ತಪ್ಪೇ?

ಪರಿಚಯದ ತಾಯಿಯೊಬ್ಬರ ಹಿರಿಮಗಳಿಗೆ ಲೂಪಸ್. ಕೀಲುನೋವು, ಕೆನ್ನೆಯ ಮೇಲೆ ಕೆಂಪು ಕಲೆ. ‘ವಂಶದ ಕಾಯಿಲೆ’ ಎಂದು ಕಿರಿಯವಳಿಗೆ ಬಂದ ಸಂಬಂಧವೂ ಮುರಿಯಿತು. “ಉಸ್ತಾದರೇ, ನನ್ನ ರಕ್ತದ್ದೇ ತಪ್ಪಾ?” ಎಂದು ಅತ್ತರು.

ದೇಹದ ರೋಗನಿರೋಧಕ ಶಕ್ತಿಯು ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಯಿದು. 10 ರೋಗಿಗಳಲ್ಲಿ ಸುಮಾರು 9 ಮಂದಿ ಮಹಿಳೆಯರು. ವಂಶವಾಹಿಗಳ ಪಾತ್ರವಿದೆ, ನಿಜ. ಆದರೆ ಸಾಮಾನ್ಯವಾಗಿ ಹಲವು ವಂಶವಾಹಿಗಳ ಸಣ್ಣಪುಟ್ಟ ವ್ಯತ್ಯಾಸಗಳ ಜೊತೆ ಬಿಸಿಲು, ಸೋಂಕು, ಹಾರ್ಮೋನುಗಳೂ ಕೂಡಿಕೊಳ್ಳುತ್ತವೆ. ತದ್ರೂಪಿ ಅವಳಿಗಳಲ್ಲೂ ಒಬ್ಬಳಿಗೆ ಬಂದರೆ ಇನ್ನೊಬ್ಬಳಿಗೆ ಬಂದೇ ಬರುತ್ತದೆ ಎಂದಿಲ್ಲ. ಅಕ್ಕನಿಗಿದ್ದರೆ ತಂಗಿಗೆ ಅಪಾಯ ಹೆಚ್ಚು, ಆದರೂ ಬಹುಪಾಲು ತಂಗಿಯರಿಗೆ ಬರುವುದಿಲ್ಲ.

ಟಿಎಲ್‌ಆರ್7 ಎಂಬ ಒಂದೇ ವಂಶವಾಹಿಯ ದೋಷದಿಂದ ಲೂಪಸ್ ಬಂದ ಬಾಲಕಿಯ ಅಪರೂಪದ ವಿವರ 2022ರಲ್ಲಿ ಪ್ರಕಟವಾಯಿತು. ಅದೂ ಹೆತ್ತವರಿಂದ ಬಂದದ್ದಲ್ಲ, ಅವಳಲ್ಲೇ ಹೊಸದಾಗಿ ಹುಟ್ಟಿದ್ದು!

ಇದನ್ನು ಹುಡುಗನ ಮನೆಯವರಿಗೂ ಹೇಳಬೇಕಂತೆ. ಶುಕ್ರವಾರ ಹೋಗುವವನಿದ್ದೇನೆ.