ಚೀನೀ ಕಲಿತು ಏನು ಮಾಡುತ್ತೀಯ?

ಪಿ.ಯು.ಸಿ. ಮುಗಿಸಿದ ಮಗಳು ‘ಚೀನೀ ಭಾಷೆ ಓದುತ್ತೇನೆ’ ಎಂದರೆ ಮೈಸೂರಿನ ಅಪ್ಪ-ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ: ‘ಕಲಿತು ಏನು ಮಾಡುತ್ತೀಯ?’ ಪ್ರಶ್ನೆ ತಪ್ಪಲ್ಲ. ಉತ್ತರಕ್ಕೆ ಮುನ್ನ ಒಂದು ಕಟ್ಟಡದ ಕಥೆ ಕೇಳಿ.

ಪಶ್ಚಿಮ ಬಂಗಾಳದ ಶಾಂತಿನಿಕೇತನದಲ್ಲಿ, ವಿಶ್ವಭಾರತಿ ವಿಶ್ವವಿದ್ಯಾನಿಲಯದ ಆವರಣದೊಳಗೆ ‘ಚೀನಾ ಭವನ’ವಿದೆ. ಚೀನೀ ಅಧ್ಯಯನಕ್ಕೆಂದೇ ಕಟ್ಟಿದ ಈ ಮನೆಯನ್ನು 1937ರ ಏಪ್ರಿಲ್ 14ರಂದು, ಬಂಗಾಳಿಗಳ ಯುಗಾದಿಯ ದಿನ, ರವೀಂದ್ರನಾಥ ಠಾಕೂರರು ಆರಂಭಿಸಿದರು. ಇದರ ಹಿಂದಿನ ಶ್ರಮ ತಾನ್ ಯುನ್‌ಶಾನ್ ಎಂಬ ಚೀನೀ ವಿದ್ವಾಂಸರದು. 1928ರಲ್ಲಿ ಶಾಂತಿನಿಕೇತನಕ್ಕೆ ಬಂದ ಅವರು ಮತ್ತೆ ತಮ್ಮ ನಾಡಿಗೆ ಹೋಗಿ ಹಣವನ್ನೂ ಪುಸ್ತಕಗಳನ್ನೂ ಕೂಡಿಸಿದರು. ಪಾಠದ ಕೋಣೆ, ಚೀನೀ ಗ್ರಂಥಭಂಡಾರ ಎರಡೂ ಒಂದೇ ಸೂರಿನಡಿ. ಗೋಡೆಗಳ ಮೇಲೆ ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿಯವರ ಭಿತ್ತಿಚಿತ್ರಗಳು. 1962ರ ಯುದ್ಧದಲ್ಲಿ ಎರಡು ದೇಶಗಳ ನಡುವೆ ಮಾತು ಮುರಿಯಿತು. ಭವನ ಮಾತ್ರ ಉಳಿಯಿತು.

ಇದರಲ್ಲಿ ಮೈಸೂರಿಗೇನು ಎನ್ನುವಿರಾ? 1921ರ ಡಿಸೆಂಬರ್ 23ರಂದು ವಿಶ್ವಭಾರತಿಯ ಸ್ಥಾಪನಾ ಸಭೆಯ ಅಧ್ಯಕ್ಷತೆ ವಹಿಸಿದವರು ಬ್ರಜೇಂದ್ರನಾಥ ಸೀಲ್. ನಮ್ಮ ವಿಶ್ವವಿದ್ಯಾನಿಲಯವನ್ನು 1930ರವರೆಗೆ ನಡೆಸಿದ ಕುಲಪತಿ. ಇನ್ನೂ ಹಿಂದಕ್ಕೆ ಹೋದರೆ, 1905ರಲ್ಲಿ ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬಂತು. ಅದರಲ್ಲಿ ‘ಚೀನಪಟ್ಟ’ದ ಮಾತಿದೆ. ಎಂದರೆ ಚೀನಾದ ರೇಷ್ಮೆ. ರೇಷ್ಮೆಯ ಊರಾದ ನಮಗೆ ಈ ನೆಂಟಸ್ತಿಕೆ ಹೊಸದಲ್ಲ.

ನಾವು ಕಳೆದುಕೊಂಡದ್ದೂ ಚೀನೀಯಲ್ಲಿದೆ. ಅಶ್ವಘೋಷನ ‘ಬುದ್ಧಚರಿತ’ದ 28 ಸರ್ಗಗಳಲ್ಲಿ ಉತ್ತರಾರ್ಧದ ಸಂಸ್ಕೃತ ಮೂಲ ಸಿಗದು. ಅದನ್ನು ಚೀನೀ, ಟಿಬೆಟನ್ ಅನುವಾದಗಳಲ್ಲೇ ಓದಬೇಕು. ಇಂಥ ಕೆಲಸಕ್ಕೆ ಭಾಷೆ ಬಲ್ಲವರು ಬೇಕು. ವ್ಯಾಪಾರ, ಪ್ರವಾಸ, ಅನುವಾದ, ಅಧ್ಯಾಪನಕ್ಕೂ ಬೇಕು.

ಆದರೆ ಹಾದಿ ಸಲೀಸಲ್ಲ. ಚೀನೀಗೆ ನಮ್ಮಂತೆ ವರ್ಣಮಾಲೆಯಿಲ್ಲ. ದಿನಪತ್ರಿಕೆ ಓದಲು ಎರಡು-ಮೂರು ಸಾವಿರ ಅಕ್ಷರಚಿಹ್ನೆಗಳಾದರೂ ತಿಳಿದಿರಬೇಕು. ‘ಮಾ’ ಎಂಬ ಒಂದೇ ಉಚ್ಚಾರ ದನಿ ಏರಿಳಿದಂತೆ ತಾಯಿ, ಸೆಣಬು, ಕುದುರೆ, ಬೈಗುಳ ಆಗುತ್ತದೆ. ಬೇಸಿಗೆ ರಜೆಯ ತರಗತಿಯಲ್ಲಿ ನಾಲ್ಕು ಮಾತು ಕಲಿಯಬಹುದು, ಭಾಷೆ ದಕ್ಕುವುದಿಲ್ಲ. ಅದಕ್ಕೆ ಗುರು, ಗ್ರಂಥಾಲಯ, ಜೊತೆಗೆ ಓದುವವರು, ಹಲವು ವರ್ಷ ಎಲ್ಲವೂ ಬೇಕು. ಚೀನಾ ಭವನವನ್ನು ಕಟ್ಟಿದ್ದು ಅದಕ್ಕೇ. ಅಲ್ಲಿ ಬಿ.ಎ.ಯಿಂದ ಪಿಎಚ್.ಡಿ.ವರೆಗೆ ಓದುವ ಅವಕಾಶವಿದೆ. ಪ್ರವೇಶದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು: ಕನ್ನಡ, ಇಂಗ್ಲಿಷ್ ಎರಡನ್ನೂ ಗಟ್ಟಿ ಮಾಡಿಕೊಳ್ಳಿ. ಅನುವಾದಕನಿಗೆ ಒಂದೇ ದಡ ಸಾಲದು. ಪೋಷಕರೇ, ‘ಏನು ಮಾಡುತ್ತೀಯ’ ಎಂದು ಕೇಳಿದ ಮೇಲೆ ಇನ್ನೊಂದನ್ನೂ ಕೇಳಿ: ‘ಎಷ್ಟು ವರ್ಷ ಕೂತು ಕಲಿಯುತ್ತೀಯ?’ ಮಗಳು ಅದಕ್ಕೆ ತಡವರಿಸದೆ ಉತ್ತರಿಸಿದರೆ, ಧೈರ್ಯವಾಗಿ ಕಳಿಸಿ.